ಹದಿನೇಳನೇ ತೂಬು

ಮೊದಲನೆಯ ಬೋರ್ಡು ಸತ್ತದ್ದು ಸೋಮವಾರ.
ಸದ್ದಿಲ್ಲ, ಹೊಗೆಯಿಲ್ಲ. ಬೆರಳಿಟ್ಟರೆ ಚುರ್ ಎಂದಿತು, ಅಷ್ಟೆ.
ಎರಡನೆಯದು ಗುರುವಾರ.
ಎರಡನ್ನೂ ಟಿಫನ್ ಡಬ್ಬಿಯ ಮುಚ್ಚಳದಲ್ಲಿಟ್ಟುಕೊಂಡು
ಮಂಡ್ಯದ ಗುತ್ತಲು ರಸ್ತೆಗೆ, ಶಫೀಉಲ್ಲಾ ಅಂಗಡಿಗೆ ಹೋದೆ.
ಅವರು ಕನ್ನಡಕ ಹಣೆಗೇರಿಸಿದರು.
"ನೀರು ನೋಡೋದು ಎಷ್ಟು ವೋಲ್ಟಿಂದು?" ಐದು.
"ಲೆಕ್ಕ ಬರೆಯೋದು?" ಮೂರು ಪಾಯಿಂಟ್ ಮೂರು.
"ಇನ್ನೇನಮ್ಮ ಮತ್ತೆ," ಅಂದರು,
ಬೆಸುಗೆ ಕಡ್ಡಿಯ ಮೂತಿಯನ್ನು ಒದ್ದೆ ಸ್ಪಂಜಿಗೆ ಒರೆಸುತ್ತ,
"ಕೂಸಿನ ಕಿವಿಗೆ ತಮಟೆ ಬಡಿದಿದ್ದೀಯ."

ಕೊತ್ತತ್ತಿ ಕಡೆಯ ಕವಲು ನಾಲೆ.
ತೂಬಿನ ಕಟ್ಟೆ ಮೇಲೆ ಕೂತು
ಮಂಚಯ್ಯ ನನ್ನ ತಂತಿಗಳನ್ನೇ ನೋಡುತ್ತಿದ್ದ,
ಮೂವತ್ತೊಂದು ವರ್ಷದ ನೀರಗಂಟಿ.
"ಯಾಕವ್ವ ಸತ್ತೋಯ್ತು?" ಹೇಳಿದೆ.
"ಅಯ್, ದೊಡ್ಡ ನಾಲೆ ನೀರ ನೆಟ್ಟಗೆ ಗದ್ದೆಗೆ ಬುಟ್ರೆ
ಬದ ನಿಂತದಾ?
ಅದ್ಕೇ ಅಲ್ವ ತೂಬು. ಅದ್ಕೇ ಅಲ್ವ ನಾನು."

ಎರಡು ರೆಸಿಸ್ಟರ್ ಹಾಕಿದೆ. ಒಂದು ಕಿಲೋ ಓಮು, ಎರಡು ಕಿಲೋ ಓಮು,
ನಡುವಿನಿಂದ ಕವಲು. ಐದು ಇಳಿದು ಮೂರೂ ಚಿಲ್ಲರೆಯಾಯಿತು.
ಬೋರ್ಡು ಕೇಳಿಸಿಕೊಂಡಿತು. ಬದುಕಿತು.
ಆದರೆ ಅದು ತಿರುಗಿ ಹೇಳುವುದೂ ಇತ್ತಲ್ಲ, ಈಗ ಅಳೆ ಎಂದು.
ಮೂರು ಪಾಯಿಂಟ್ ಮೂರರ ಹೌದು
ಐದರ ಕಿವಿಗೆ ಹೌದಲ್ಲ.
ಇಲ್ಲವೂ ಅಲ್ಲ.
ನಮ್ಮ ಕಡೆ 'ನೋಡಾನ ಬುಡು' ಅನ್ನುತ್ತಾರಲ್ಲ, ಅದು:
ಹೆಣ್ಣು ನೋಡಿ ಉಪ್ಪಿಟ್ಟು ತಿಂದವರು ಅನ್ನುವುದು,
ಸಾಲ ಕೇಳಿದರೆ ಸೊಸೈಟಿ ಸೆಕ್ರೆಟರಿ ಅನ್ನುವುದು,
ನನ್ನ ಪರ್ಮನೆಂಟಿನ ಅರ್ಜಿಗೆ ನೀರಾವರಿ ಆಫೀಸು
ನಾಲ್ಕು ವರ್ಷದಿಂದ ಅನ್ನುತ್ತಿರುವುದು.
ಬೆಳಿಗ್ಗೆ ಅಳೆಯಿತು. ಬಿಸಿಲೇರಿದಾಗ ಸುಮ್ಮನಾಯಿತು.
ಸಂಜೆ ಒಂದೇ ಒಂದು ಸಲ, ಮತ್ತೆ ಮೌನ.

ಶಫೀಉಲ್ಲಾ ಪೊಟ್ಟಣ ಕೊಟ್ಟರು.
ಒಳಗೆ ಎಳ್ಳಿಗಿಂತ ತುಸು ದೊಡ್ಡ ಕರಿಚುಕ್ಕಿ, ಮೂರು ಕಾಲು.
"ಮಾಸ್ಫೆಟ್ಟು. ಜೋರಾಗಿ ಉಸಿರು ಬಿಡಬೇಡ."
ನಡುವೆ ಕೂರಿಸಿದೆ. ಎರಡೂ ದಡಕ್ಕೆ ಒಂದೊಂದು ರೆಸಿಸ್ಟರ್,
ತಂತಮ್ಮ ಎತ್ತರಕ್ಕೆ ಎತ್ತಿ ಹಿಡಿಯಲು.
ರಾತ್ರಿ ಅದರ ಚಿತ್ರ ನೋಡುತ್ತ ನೋಡುತ್ತ ತಿಳಿಯಿತು:
ಹೌದು ಎಂಬುದು ಅಲ್ಲಿ ದಾಟುವುದೇ ಇಲ್ಲ.
ದಾಟುವುದು ಇಲ್ಲ ಮಾತ್ರ.
ಒಬ್ಬ ನೆಲಕ್ಕೆಳೆದರೆ ಇನ್ನೊಬ್ಬಳೂ ಬಾಗುತ್ತಾಳೆ.
ಕೈಬಿಟ್ಟರೆ, ಅವನು ತನ್ನ ಐದಕ್ಕೆ
ಇವಳು ತನ್ನ ಮೂರಕ್ಕೆ
ತಾವಾಗಿ ಏಳುತ್ತಾರೆ.
ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಗಂಟೆ ಒಂದೂವರೆ.

ಮಾರನೆಯ ದಿನ ಜೋಡಿಸಿದರೆ ಬರೀ ಕಸ:
ಸೊನ್ನೆ, ಒಂಬತ್ತು ಸಾವಿರ, ಸೊನ್ನೆ.
ಅಳು ಬಂತು, ಬೈಗುಳವೂ.
ಮಂಚಯ್ಯ ಬಗ್ಗಿ ನೋಡಿದ.
"ಈ ಕರೇದು ಯಾಕೆ ನೇತಾಡ್ತಾ ಅದೆ?"
ನೆಲದ ತಂತಿ.
ಎರಡು ಕಡೆಯ ನೆಲ ಸೇರಿಸುವುದನ್ನೇ ಮರೆತಿದ್ದೆ.
ಐದು ಅಂದರೆ, ಯಾವ ನೆಲದಿಂದ ಐದು?

ಸೇರಿಸಿದೆ. ಒಂದು ಮೀಟರ್ ಹದಿನಾಲ್ಕು.
ಮತ್ತೆ ಕೇಳಿದೆ. ಒಂದು ಮೀಟರ್ ಹದಿನಾಲ್ಕು.
ಮಂಚಯ್ಯ ತನ್ನ ಬಿದಿರ ಕೋಲು ಇಳಿಬಿಟ್ಟು, ಎತ್ತಿ,
ಒದ್ದೆಯ ಗುರುತಿಗೆ ಬೆರಳಿಟ್ಟ.
"ಇಲ್ಲ ಕಣವ್ವ. ನಿಂದು ನಾಕು ಬೆಟ್ಟು ಜಾಸ್ತಿ ಹೇಳ್ತಾ ಅದೆ."
ನೀರಿಗಲ್ಲ,
ತೇಲಿ ಬಂದು ನಿಂತ ಅಂತರಗಂಗೆಯ ಎಲೆಗೆ
ತಗುಲಿ ಮರಳುತ್ತಿತ್ತು ನನ್ನ ಸದ್ದು.
ಕೋಲಿನಿಂದ ಎಲೆಯನ್ನು ಪಕ್ಕಕ್ಕೆ ತಳ್ಳಿದ.
ಒಂದು ಮೀಟರ್ ಆರು.

"ಮೀಟ್ರು ನೀನು ಆಫೀಸಿಗೆ ಬರ್ಕೊ," ಅಂದ,
"ಊರಿಗೆ ನಾನು ಹೇಳ್ತೀನಿ:
ಮೇಗಲ ಗದ್ದೆಗೆ ಎರಡು ಜಾವ,
ಕೆಳಗಲೋರ್ಗೆ ಕೋಳಿ ಕೂಗೋಗಂಟ."
ಬರೆದುಕೊಂಡೆ.
ಅವನು ತೂಬಿನ ಚಕ್ರ ಹಿಡಿದು
ಒಂದು ಸುತ್ತು ತಿರುಗಿಸಿದ,
ನೀರ ಸದ್ದು ಕೇಳಿಸಿಕೊಂಡು, ಇನ್ನರ್ಧ.